ಯಲ್ದೂರಿನಲ್ಲಿ ಉಪ್ಪು ನೋಡಿದ ವರ್ಷ

ಹೋದ ವೈಶಾಖದಲ್ಲಿ ಮೈದುನನ ಮೊಮ್ಮಗುವಿನ ನಾಮಕರಣಕ್ಕೆಂದು ಯಲ್ದೂರಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಬಂದರೆ, ಪಕ್ಕದ ಮನೆಯ ಕಡೆಯಿಂದ ಹೆಚ್ಚಿದ ಮಾವಿನಕಾಯಿ ಉಪ್ಪಿನಲ್ಲಿ ನೀರು ಬಿಟ್ಟ ವಾಸನೆ ಬಂತು. ಹುಳಿ, ಸೊನೆ, ಕಲ್ಲುಪ್ಪು ಮೂರೂ ಬೆರೆತ ವಾಸನೆ. ಉಪ್ಪು ಹಾಕಿದ ಮೂರನೆಯ ದಿನಕ್ಕೆ ಮಾತ್ರ ಹಾಗೆ ಬರುತ್ತದೆ. ಬೇರೆಯವರಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ. ನನಗೆ ಭಯವಾಯಿತು. ಐವತ್ತು ವರ್ಷಕ್ಕೂ ಹಳೆಯ ಭಯ, ಇನ್ನೂ ಒಳಗೆ ಕೂತಿದೆ ಎಂದು ನನಗೇ ಗೊತ್ತಿರಲಿಲ್ಲ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೆ ಪರದಾಟ, ಬಟ್ಟೆಗೆ ಪರದಾಟ. ಮಾವಿನ ಮರಗಳಿಗೆ ಮಾತ್ರ ಯುದ್ಧದ ಸುದ್ದಿ ಮುಟ್ಟಿರಲಿಲ್ಲ; ಆ ವರ್ಷ ಕೊಂಬೆ ನೆಲಕ್ಕೆ ತಾಗುವಂತೆ ಕಾಯಿ ಬಿಟ್ಟಿದ್ದವು. ನಾನು ಮಾಲೂರು ಕಡೆಯವಳು, ಯಲ್ದೂರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಚೊಚ್ಚಲು ಬಸುರಿ. ಚೊಚ್ಚಲ ಹೆರಿಗೆಗೆ ಎಲ್ಲರೂ ತವರಿಗೆ ಹೋಗುತ್ತಾರೆ. ನನಗೆ ತಾಯಿ ಇರಲಿಲ್ಲ, ಅಪ್ಪ ಇನ್ನೊಂದು ಮದುವೆಯಾಗಿದ್ದರು, ಹಾಗಾಗಿ ನನ್ನ ತವರೂ ಅತ್ತೆಮನೆಯೂ ಒಂದೇ ಆಗಿತ್ತು.

ಅತ್ತೆಯ ಹೆಸರು ವೆಂಕಟಮ್ಮ. ದಪ್ಪ ಮೈ, ದೊಡ್ಡ ದನಿ. ಅವರ ತವರು ಗೌನಿಪಲ್ಲಿಯ ಆಚೆಯ ತೆಲುಗು ಸೀಮೆ. ಸಮಾಧಾನವಾಗಿದ್ದಾಗ ಕನ್ನಡ ಮಾತಾಡುತ್ತಿದ್ದರು, ಕೋಪ ಬಂದರೆ ತೆಲುಗಿಗೆ ಇಳಿಯುತ್ತಿದ್ದರು. ನಮ್ಮ ಬೀದಿಯಲ್ಲಿ ಅವರಿಗೊಂದು ಪದವಿ ಇತ್ತು. ಸರ್ಕಾರ ಕೊಟ್ಟದ್ದಲ್ಲ, ನಾಲಿಗೆ ಕೊಟ್ಟದ್ದು. ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರೂ ಮೂರನೆಯ ದಿನ ಅತ್ತೆಯನ್ನು ಉಪ್ಪು ನೋಡುವುದಕ್ಕೆ ಕರೆಯಬೇಕು. ಅವರು ಜಾಡಿಯ ಉಪ್ಪುನೀರನ್ನು ಅಂಗೈಗೆ ಬಗ್ಗಿಸಿಕೊಂಡು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನುಂಗುತ್ತಿದ್ದರು. ಆಮೇಲೆ "ಇನ್ನೊಂದು ಹಿಡಿ ಹಾಕು" ಅಥವಾ "ಸಾಕು, ಮುಚ್ಚು" ಎನ್ನುತ್ತಿದ್ದರು. ಅದಕ್ಕೆ ಎದುರು ಮಾತಿಲ್ಲ. ಬೆರಳಲ್ಲಿ ಅದ್ದಿ ನೆಕ್ಕುವವರನ್ನು ಕಂಡರೆ ಅವರಿಗೆ ತಾತ್ಸಾರ. ಉಪ್ಪು ಹದವಾಗಿದೆಯೋ ಇಲ್ಲವೋ ಎಂದು ಗಂಟಲಿಗೇ ತಿಳಿಯಬೇಕು ಎನ್ನುತ್ತಿದ್ದರು. ನುಂಗಲೇಬೇಕು ಎಂಬುದಕ್ಕೆ ಇನ್ನೊಂದು ಕಾರಣವೂ ಇತ್ತು. ಉಪ್ಪು ನೋಡಿದವರು ಅದನ್ನು ಉಗಿದರೆ ಜಾಡಿಗೆ ಅವಮಾನ, ವರ್ಷ ತುಂಬುವುದರೊಳಗೆ ಬೂಸ್ಟು ಹಿಡಿಯುತ್ತದೆ ಎಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ಆ ಚೈತ್ರದಲ್ಲಿ ಒಂದು ಬೆಳಿಗ್ಗೆ ಅತ್ತೆಯ ಮೂಗಿನಿಂದ ರಕ್ತ ಸುರಿಯಿತು. ಅದಕ್ಕೆ ಮೊದಲೇ ತಿಂಗಳುಗಟ್ಟಲೆ ತಲೆನೋವು, ಎದ್ದರೆ ಕಣ್ಣು ಕತ್ತಲೆ. ಹಣೆಗೆ ಶುಂಠಿ ತೇಯ್ದು ಹಚ್ಚಿ, ತಲೆಗೆ ಬಟ್ಟೆ ಬಿಗಿದು ಓಡಾಡುತ್ತಿದ್ದರು. ರಕ್ತ ಕಂಡ ಮೇಲೆ ಮಾವನವರು ಹೆದರಿ ಗಾಡಿ ಕಟ್ಟಿಸಿದರು. ಶ್ರೀನಿವಾಸಪುರದ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ.

ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಘಟ್ಟದ ಕೆಳಗಿನವರು. ಅವರಿಗೊಂದು ಹೆಸರಿತ್ತು, ಆದರೆ ಊರಲ್ಲಿ ಯಾರೂ ಅದನ್ನು ಬಳಸಲಿಲ್ಲ. ಸಮುದ್ರದ ಡಾಕ್ಟರು ಎಂದೇ ಕರೆಯುತ್ತಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ. ಒಂದು ಮರದ ಪೆಟ್ಟಿಗೆ ತೆರೆದು ನಿಲ್ಲಿಸಿದರು. ಅದರೊಳಗೆ ಗಾಜಿನ ಕೊಳವೆ, ಕೊಳವೆಯಲ್ಲಿ ಪಾದರಸ. ಅತ್ತೆಯ ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ ರಬ್ಬರಿನ ಉಂಡೆಯನ್ನು ಹಿಸುಕತೊಡಗಿದರು.

"ಇದೇನಮ್ಮಿ, ತೋಳಿಗೆ ತಾಯಿತ ಕಟ್ಟಂಗೆ ಕಟ್ತಾ ಅವ್ರೆ. ದೆವ್ವ ಬಿಡಿಸ್ತಾರಾ?" ಎಂದು ಅತ್ತೆ ನನ್ನನ್ನು ಕೇಳಿದರು. ಪಿಸುಮಾತೇ, ಆದರೆ ಹೊರಗೆ ಕೂತಿದ್ದ ರೋಗಿಗಳೆಲ್ಲ ನಕ್ಕರು.

ಡಾಕ್ಟರು ನಗಲಿಲ್ಲ. ಪಾದರಸ ಇಳಿಯುವುದನ್ನು ನೋಡಿದರು, ಇನ್ನೊಂದು ಸಲ ಹಿಸುಕಿ ನೋಡಿದರು. ಆಮೇಲೆ ಒಂದು ನೋಟು ಪುಸ್ತಕ ತೆಗೆದು ಪ್ರಶ್ನೆಗಳ ಸುರಿಮಳೆ. ವಯಸ್ಸೆಷ್ಟು? ನಿಮ್ಮ ತಂದೆ ಹೇಗೆ ಹೋದರು? ಹೊಗೆಸೊಪ್ಪು ಉಂಟಾ, ನಶ್ಯ ಉಂಟಾ? ರಾತ್ರಿ ನಿದ್ರೆ ಬರ್ತದಾ? ಮನಸ್ಸಿಗೆ ಚಿಂತೆ ಎಂತದ್ದಾದರೂ? ಊಟಕ್ಕೆ ಏನೇನು?

ಅತ್ತೆಯ ಅಪ್ಪ ಹೊಲದಲ್ಲಿ ಗುದ್ದಲಿ ಹಿಡಿದವರು ಹಾಗೇ ಒಂದು ಕಡೆಗೆ ಬಿದ್ದು, ಬಾಯಿ ಸೊಟ್ಟಗಾಗಿ, ಮೂರನೆಯ ದಿನಕ್ಕೆ ಹೋಗಿದ್ದರು. ಹೊಗೆಸೊಪ್ಪು ಅತ್ತೆಯ ಸೊಂಟದಲ್ಲೇ ಇತ್ತು. ಅವೆರಡನ್ನೂ ಬರೆದುಕೊಂಡು ಡಾಕ್ಟರು ಮಾವನವರ ಕಡೆ ತಿರುಗಿದರು. "ಇವರ ರಕ್ತದ ಒತ್ತಡ ಬಹಳ ಏರಿದೆ ಮಾರಾಯ್ರೆ. ಇದಕ್ಕೆ ಸರಿಯಾದ ಮದ್ದು ಅಂತ ನನ್ನ ಹತ್ರ ಇಲ್ಲ. ನಿದ್ರೆಗೆ ಒಂದು ಮಾತ್ರೆ ಕೊಡ್ತೇನೆ, ಅಷ್ಟೆ. ಹೊಗೆಸೊಪ್ಪು ಬಿಡಬೇಕು, ಮೈ ಇಳೀಬೇಕು. ಮುಖ್ಯ, ಉಪ್ಪು ಬಿಡಬೇಕು. ಇಲ್ಲದಿದ್ದರೆ ಅವರ ತಂದೆಗೆ ಆದ ಹಾಗೆ ಆದೀತು. ಅದು ಇವತ್ತೂ ಆದೀತು, ಹತ್ತು ವರ್ಷ ಬಿಟ್ಟೂ ಆದೀತು."

ಗಾಡಿಯಲ್ಲಿ ವಾಪಸು ಬರುವಾಗ ಅತ್ತೆ ಸೊಂಟದಿಂದ ಹೊಗೆಸೊಪ್ಪಿನ ಚೀಲ ತೆಗೆದು ಬೇಲಿಯ ಮೇಲೆ ಎಸೆದರು. ಆ ಗಟ್ಟಿತನ ಕಂಡು ನನಗೆ ಮೆಚ್ಚುಗೆಯಾಯಿತು.

ಮನೆಗೆ ಬಂದು ಮಾವನವರು ಆಜ್ಞೆ ಹೊರಡಿಸಿದರು. "ಇವತ್ತಿನಿಂದ ನಿಮ್ಮತ್ತೆ ಎಲೆಗೆ ಉಪ್ಪು ಬಡಿಸ್ಬೇಡ ಕಣಮ್ಮ."

ನಮ್ಮಲ್ಲಿ ಊಟಕ್ಕೆ ಕೂತರೆ ಎಲೆಯ ತುದಿಗೆ ಮೊದಲು ಬೀಳುವುದು ಚಿಟಿಕೆ ಉಪ್ಪು. ಆಮೇಲೆ ಮಿಕ್ಕದ್ದೆಲ್ಲ. ಅತ್ತೆಯ ಎಲೆಗೆ ನಾನು ಆ ಚಿಟಿಕೆಯನ್ನು ನಿಲ್ಲಿಸಿದೆ. ಉಪ್ಪಿಲ್ಲದ ಎಲೆಯ ಮುಂದೆ ಕೂರುವುದು ದೊಡ್ಡ ತ್ಯಾಗವೆಂದೇ ಎಲ್ಲರಿಗೂ ಅನ್ನಿಸಿತು. ಅತ್ತೆಯಂತೂ ಬಂದವರಿಗೆಲ್ಲ "ನಾನು ಉಪ್ಪು ಬಿಟ್ಬಿಟ್ಟೆ" ಎಂದು ಹೇಳಿಕೊಂಡು ತಿರುಗಿದರು. ಸಾರು ಹಿಂದಿನಂತೆಯೇ ಇತ್ತು, ಉಪ್ಪೆಸರು ಹಿಂದಿನಂತೆಯೇ ಇತ್ತು, ಹಪ್ಪಳ ಸಂಡಿಗೆ ಹಿಂದಿನಂತೆಯೇ ಕರಿಯುತ್ತಿದ್ದೆ. ಇದರಲ್ಲಿ ತಪ್ಪಿದೆಯೆಂದು ಅತ್ತೆ, ಮಾವ, ನನ್ನ ಗಂಡ, ಮೈದುನ, ನಾನು, ಮನೆಯ ಐದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ಪಾದರಸ ಇದ್ದಲ್ಲೇ ಇತ್ತು. "ಉಪ್ಪು ಬಿಟ್ಟದ್ದು ಹೌದಾ?" ಎಂದು ಡಾಕ್ಟರು ಕೇಳಿದರು. ಹೌದೆಂದರು ಮಾವನವರು. "ಸಾರಿಗೆ?"

"ಸಾರಿಗೆ ಹಾಕ್ದೆ ಹೆಂಗೆ ಸ್ವಾಮಿ? ಅದು ಸಾರಲ್ವಾ?" ಎಂದರು ಅತ್ತೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ನುಂಗುವಾಗ ಅವರು ಹಾಗೆ ಮಾಡುತ್ತಿದ್ದರೆಂದು ಆಮೇಲೆ ನನಗೆ ತಿಳಿಯಿತು. ಆದರೂ ಅವರು ಬೈಯಲಿಲ್ಲ. ತಮ್ಮ ಕಡೆಯ ಸಂಗತಿ ಹೇಳಿದರು. ಸಮುದ್ರದಂಚಿನಲ್ಲಿ ಮಳೆಗಾಲ ಬಂದರೆ ದೋಣಿ ಇಳಿಯುವುದಿಲ್ಲ. ಆ ತಿಂಗಳುಗಳಿಗೆಂದೇ ಮೀನಿಗೆ ಉಪ್ಪು ತುಂಬಿ ಒಣಗಿಸಿ ಇಟ್ಟುಕೊಳ್ಳುತ್ತಾರೆ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಾರೆ, ಗಂಜಿಗೆ ಅದೇ ನೆಂಚಿಕೆ. ಅಲ್ಲಿ ಕೆಲಸಕ್ಕಿದ್ದಾಗ, ಗಟ್ಟಿಮುಟ್ಟಾಗಿದ್ದ ಮೀನುಗಾರರು ನಡುವಯಸ್ಸಿನಲ್ಲೇ ಒಂದು ಪಕ್ಕ ಬಿದ್ದುಹೋಗುವುದನ್ನು ಅವರು ಮತ್ತೆ ಮತ್ತೆ ನೋಡಿದ್ದರು. ಉಪ್ಪೋ, ಕಳ್ಳೋ, ಹೊಗೆಸೊಪ್ಪೋ, ದೋಣಿಯ ಚಿಂತೆಯೋ, ಅಪ್ಪನಿಂದ ಬಂದದ್ದೋ ಎಂದು ಬಿಡಿಸಿ ಹೇಳಲು ಬಾರದು ಎಂದರು. ಅದಕ್ಕೇ ಆ ನೋಟು ಪುಸ್ತಕ. "ಸಮುದ್ರ ಇಲ್ಲದ ಊರು, ರಾಗಿ ತಿನ್ನುವ ಜನ, ಇಲ್ಲಿ ಇದು ಕಡಿಮೆ ಇರಬಹುದು ಅಂತ ಎಣಿಸಿ ಬಂದೆ. ನೀವು ಸಮುದ್ರವನ್ನೇ ಜಾಡಿಯಲ್ಲಿ ತುಂಬಿಸಿ ಅಟ್ಟದ ಮೇಲೆ ಇಟ್ಟಿದ್ದೀರಿ!"

ಅವತ್ತಿನಿಂದ ಅತ್ತೆಗೆ ಬೇರೆ ಪಾತ್ರೆಯಲ್ಲಿ ಸಾರು ಮಾಡತೊಡಗಿದೆ. ಮುದ್ದೆಗೆ ಹೇಗೂ ನಾವು ಉಪ್ಪು ಹಾಕುವವರಲ್ಲ. ಸಾರಿಗೆ ಮೆಣಸು ಜಾಸ್ತಿ, ಬೆಳ್ಳುಳ್ಳಿ ಜಾಸ್ತಿ, ಮೇಲೆ ನಿಂಬೆಹಣ್ಣು. ಮೊದಲ ದಿನ ಅತ್ತೆ ಒಂದು ತುತ್ತು ನುಂಗಿ ನನ್ನ ಮುಖ ನೋಡಿದರು. "ಇದಕ್ಕಿಂತ ಬಿದ್ದೋಗೋದೇ ವಾಸಿ" ಎಂದರು. ಎರಡನೆಯ ತುತ್ತನ್ನೂ ತಿಂದರು. ಇಡೀ ಮುದ್ದೆ ಮುಗಿಸಿದರು. ನಿಜ ಹೇಳಬೇಕೆಂದರೆ, ಅವರ ಎಲೆ ತೆಗೆದ ಮೇಲೆ ನಾನು ಒಲೆಯ ಹಿಂದೆ ನಿಂತು ಕಣ್ಣೀರು ಹಾಕಿದೆ. ನನ್ನನ್ನು ಹೆತ್ತವಳು ಹೇಗಿದ್ದಳೋ ನನಗೆ ನೆನಪಿಲ್ಲ. ಬಸುರಿಗೆ ಬೇಕು ಎಂದು ಹೊಸ ಬೆಲ್ಲ ತರಿಸಿ ಬಚ್ಚಿಟ್ಟು ಕೊಡುತ್ತಿದ್ದವರು ಇವರು. ಇವರೂ ಹೋದರೆ ನನಗೆ ಯಾರಿದ್ದಾರೆ ಎಂಬ ಯೋಚನೆ ಹಗಲೂ ಬರುತ್ತಿತ್ತು.

ವೈಶಾಖ ಬಂತು. ಮೂರನೆಯ ಸಲ ಹೋದಾಗ ಪಾದರಸ ಇಳಿಯುವುದಿರಲಿ, ಮೊದಲಿಗಿಂತ ಮೇಲೆ ನಿಂತಿತ್ತು. ಡಾಕ್ಟರು ನನ್ನನ್ನೇ ನೋಡಿದರು. ಸಾರಿಗೆ ಒಂದು ಹರಳು ಉಪ್ಪೂ ಹಾಕಿಲ್ಲವೆಂದು ನಾನು ಆಣೆ ಮಾಡಿದೆ.

"ಮತ್ತೆ ಎಂತ ತಿಂತೀರಿ ಅಮ್ಮ?"

"ಏನೂ ಇಲ್ಲ ಸ್ವಾಮಿ. ನಮ್ಮಪ್ಪನಾಣೆ," ಎಂದರು ಅತ್ತೆ. ಅವರು ಸುಳ್ಳು ಹೇಳುವವರಲ್ಲ. ಅಂದು ಹೇಳಿದ್ದೂ ಸುಳ್ಳಲ್ಲ.

ಗಾಡಿ ಯಲ್ದೂರಿಗೆ ಬಂದು ನಮ್ಮ ಬೀದಿಗೆ ತಿರುಗಿತು. ಇಳಿಯುವ ಮೊದಲೇ ಮೂಲೆಮನೆಯವರು ಅತ್ತೆಯನ್ನು ತಮ್ಮ ಜಗಲಿಗೆ ಕರೆದುಕೊಂಡು ಹೋದರು. ಅಲ್ಲಿಂದ ಎದುರುಮನೆ. ಅಲ್ಲಿಂದ ಅದರ ಪಕ್ಕದ ಮನೆ. ನಾನು ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದೆ. ಅಂಗೈ, ಬಾಯಿ, ಕಣ್ಣು ಮುಚ್ಚುವುದು, ನುಂಗುವುದು. ಮತ್ತೆ ಅಂಗೈ. ಮಾವಿನ ಕಾಲದಲ್ಲಿ ಅವರು ದಿನವಿಡೀ ಮಾಡುತ್ತಿದ್ದದ್ದೇ ಅದು. ಅದು ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು, ಆದರೆ ಉಪ್ಪು ನೋಡುವುದನ್ನು ಯಾರೂ ಉಪ್ಪು ತಿನ್ನುವುದೆಂದು ಎಣಿಸಿರಲಿಲ್ಲ. ನಾನು ಒಲೆಯ ಮುಂದೆ ಚಿಟಿಕೆ ಚಿಟಿಕೆ ಉಳಿಸುತ್ತಿದ್ದೆ, ಬೀದಿ ಬೊಗಸೆ ಬೊಗಸೆ ಕುಡಿಸುತ್ತಿತ್ತು.

ಸಂಜೆ ಹೇಳಿದೆ. "ಅತ್ತಮ್ಮ, ಅದೇ ಉಪ್ಪು. ನೋಡಿ ಉಗುಳ್ಬಿಡಿ."

"ಏಮಿ, ನಾಕೇ ನೇರ್ಪಿಸ್ತಾವಾ?" ನನಗೇ ಕಲಿಸ್ತೀಯಾ ಎಂದು ತೆಲುಗಿನಲ್ಲಿ ಬಂತು. ಆಮೇಲೆ ದನಿ ಇಳಿಯಿತು. "ಉಗಿದ್ರೆ, ಯಾರ ಮನೆ ಜಾಡಿ ಕೆಟ್ರೂ ನನ್ ತಲೆ ಮೇಲೆ ಬರ್ತೈತೆ ಕಣೇ. ಒಂದು ಮನೇಲಿ ವರ್ಷದ ನೆಂಚಿಕೆ ಹೋದ್ರೆ ಸುಮ್ನೆ ಆಯ್ತಾ? ಮೂವತ್ತು ವರ್ಷದಿಂದ ಒಂದು ಜಾಡಿ ಕೆಟ್ಟಿಲ್ಲ. ಕೆಡಿಸ್ಕೊಂಡು ಬದುಕ್ಲಾ?"

ಹೋಗುವುದನ್ನೇ ಬಿಡಿ ಎಂದರೆ ಅದೂ ಆಗದು. ಕರೆದವರ ಮನೆಗೆ ಹೋಗದಿದ್ದರೆ ಅದಕ್ಕಿಂತ ಕೆಟ್ಟ ಹೆಸರು.

ಆಗ ನಾನು ಒಂದು ಉಪಾಯ ಮಾಡಿದೆ, ಅಥವಾ ಉಪಾಯವೆಂದುಕೊಂಡೆ. "ನೀವು ಬನ್ನಿ, ಕೂತ್ಕೊಳಿ. ನಾನು ನುಂಗ್ತೀನಿ. ಹೆಂಗೈತೆ ಅಂತ ಹೇಳ್ತೀನಿ, ನೀವು ತೀರ್ಮಾನ ಮಾಡಿ." ನಮ್ಮ ಮನೆಯವರೇ ಒಬ್ಬರು ನುಂಗಿದರೆ ಜಾಡಿಗೆ ಅವಮಾನವಿಲ್ಲ ಎಂದು ಬೀದಿಯ ಹೆಂಗಸರೂ ಒಪ್ಪಿದರು. ಮರುದಿನದಿಂದ ಅತ್ತೆಯೂ ನಾನೂ ಜೋಡಿಯಾಗಿ ಹೊರಟೆವು. ನಾನು ಅಂಗೈ ಒಡ್ಡಿ ನುಂಗುತ್ತಿದ್ದೆ, ಅತ್ತೆ ನನ್ನ ಮುಖವನ್ನೇ ನೋಡುತ್ತಾ ಕೇಳುತ್ತಿದ್ದರು. "ಗಂಟಲಲ್ಲಿ ಹಿಡೀತಾ? ಕಿವಿ ಹಿಂದೆ ಜುಮ್ ಅಂತಾ? ಕೊನೇಲಿ ಹುಳಿ ಮೇಲಾ ಉಪ್ಪು ಮೇಲಾ?" ನಾಲ್ಕು ದಿನದಲ್ಲಿ ನನಗೇ ಹದ ತಿಳಿಯತೊಡಗಿತು. ಐದನೆಯ ದಿನ ಅತ್ತೆ ಹೇಳುವ ಮೊದಲೇ ನಾನು "ಇನ್ನರ್ಧ ಹಿಡಿ" ಎಂದುಬಿಟ್ಟೆ. ಅತ್ತೆ ಹೌದೆಂದು ತಲೆಯಾಡಿಸಿದರು. ಆ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ. ಬಸುರಿಗೆ ಉಪ್ಪು ಹುಳಿ ಎಂದರೆ ಹೇಳಬೇಕೇ, ಒಂದು ಅಂಗೈ ಸಾಕಾದಲ್ಲಿ ಎರಡು ಅಂಗೈ ನುಂಗುತ್ತಿದ್ದೆ. ಅತ್ತೆಯ ತಲೆನೋವು ಕಡಿಮೆಯಾಗುತ್ತಾ ಬಂತು. ನಾನು ಗೆದ್ದೆನೆಂದುಕೊಂಡೆ.

ಜ್ಯೇಷ್ಠದ ಮೊದಲಿಗೆ ನನ್ನ ಪಾದ ಊದಿತು. ಬಸುರಿಯರಿಗೆ ಊದುವುದೇ ಎಂದು ಸುಮ್ಮನಿದ್ದೆ. ಆಮೇಲೆ ಬೆಳಿಗ್ಗೆ ಎದ್ದರೆ ರೆಪ್ಪೆ ದಪ್ಪ, ನೆತ್ತಿಯಲ್ಲಿ ಸುತ್ತಿಗೆ ಹೊಡೆದಂಥ ನೋವು, ಕಣ್ಣ ಮುಂದೆ ಸಾಸಿವೆ ಸಿಡಿದಂತೆ ಚುಕ್ಕಿಗಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಉಪ್ಪು ನೋಡುವುದನ್ನು ಬಿಡಿಸುತ್ತಾರೆ, ಮತ್ತೆ ಅತ್ತೆಯೇ ನುಂಗುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಬೀದಿಯಲ್ಲಿ ಸಿಕ್ಕ ಮರ್ಯಾದೆ ಉಳಿಯಲಿ ಎಂಬ ಆಸೆ ಇನ್ನೊಂದು ಕಡೆ, ಅದನ್ನೂ ಮುಚ್ಚಿಡುವುದಿಲ್ಲ.

ಒಂದು ಬೆಳಿಗ್ಗೆ ನಾನು ಕಾಲು ತೊಳೆಯುತ್ತಿದ್ದೆ. ಅತ್ತೆ ಹತ್ತಿರ ಬಂದು ಬಗ್ಗಿದರು. ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಅವರು ಬೆರಳಿನಿಂದ ನನ್ನ ಕಣಕಾಲನ್ನು ಒತ್ತಿದರು, ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಎದ್ದುಹೋಗಿ ತಾವೇ ಗಾಡಿ ಕಟ್ಟಿಸಿದರು. ಆಸ್ಪತ್ರೆಗೆ ಅವರು ತಾವಾಗಿ ಹೊರಟದ್ದು ಅದೇ ಮೊದಲು. ದಾರಿಯಲ್ಲಿ ಒಂದೇ ಮಾತು ಹೇಳಿದರು. ಅವರ ತಂಗಿಗೂ ಎಂಟನೆಯ ತಿಂಗಳಲ್ಲಿ ಹೀಗೇ ಊದಿತ್ತಂತೆ. ಹೆರಿಗೆಯ ದಿನ ಕೈಕಾಲು ಸೆಟೆದು, ಸೆಳೆತ ಬಂದು, ಮಗುವನ್ನೂ ಕರೆದುಕೊಂಡು ಹೋದಳಂತೆ.

ಡಾಕ್ಟರು ನನ್ನ ತೋಳಿಗೆ ಪಟ್ಟಿ ಕಟ್ಟಿದರು. ಪಾದರಸ ನೋಡಿದರು. ಕನ್ನಡಕ ತೆಗೆಯಲಿಲ್ಲ. "ಏನು ತಿಂದಿರಿ?" ಎಂದು ಕೇಳಿದರು. ನಾನು ಎಲ್ಲ ಹೇಳಿದೆ.

ಅವರು ಅತ್ತೆಯ ಕಡೆ ತಿರುಗಿ ಹೇಳಿದರು. "ಬಸುರಿಯರಿಗೆ ಇದು ಉಪ್ಪಿನಿಂದಲೇ ಬಂತು ಅಂತ ನಾನು ಹೇಳ್ಲಿಕ್ಕೆ ಬರುದಿಲ್ಲ ಅಮ್ಮ. ಉಪ್ಪು ಮುಟ್ಟದವರಿಗೂ ಬರ್ತದೆ. ಆದರೆ ಉರಿಯುವ ಒಲೆಗೆ ನಾವೇ ಸೌದೆ ಇಡುದು ಬೇಡ. ಹೆರಿಗೆವರೆಗೆ ಇವಳು ಮಲಗಿರಬೇಕು, ಉಪ್ಪು ಬಾಯಿಗೆ ಹೋಗಬಾರದು. ವಾರಕ್ಕೊಮ್ಮೆ ನಾನೇ ಬಂದು ನೋಡ್ತೇನೆ. ಇನ್ನೂ ಏರಿದರೆ ತಾಯಿ, ಮಗು ಇಬ್ಬರನ್ನೂ ಉಳಿಸುದು ನನ್ನ ಕೈಯಲ್ಲಿ ಇಲ್ಲ."

ಅತ್ತೆ ತಲೆಯಾಡಿಸಿದರು. ವಾಪಸು ಬರುವಾಗ ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಬೀದಿಗೆ ತಿರುಗುತ್ತಲೇ ಮೂಲೆಮನೆಯ ಮುನಿಯಮ್ಮ ಕಾದು ನಿಂತಿದ್ದಳು. ಅವಳ ಮನೆಯಲ್ಲಿ ಎರಡನೆಯ ಜಾಡಿ, ಅಂದಿಗೆ ಮೂರನೆಯ ದಿನ. ಜೊತೆಗೆ ಅವಳ ಸೊಸೆ, ಅಕ್ಕಪಕ್ಕದ ಮೂರು ನಾಲ್ಕು ಹೆಂಗಸರು. "ಬಸುರಿ ಇಳೀಬೇಡ ಕಣಮ್ಮ, ನಾನೇ ತಂದಿದೀನಿ" ಎಂದು ಗಾಡಿಯ ಹತ್ತಿರಕ್ಕೇ ಬಟ್ಟಲು ತಂದಳು. ಎದ್ದು ಕೂತೆ. ಬೇಡವೆನ್ನಬೇಕು ಎಂದು ಗೊತ್ತಿತ್ತು. ಅಷ್ಟು ಜನ ನನ್ನ ಮುಖ ನೋಡುತ್ತಿದ್ದರು, ಅಂಗೈ ತಾನಾಗಿ ಮುಂದೆ ಹೋಯಿತು. ಉಪ್ಪುನೀರು ಬಾಯಿಗೆ ಬಿತ್ತು.

"ಉಮ್ಮೆಯ್ಯವೇ!"

ಉಗಿ ಎಂದು ಅತ್ತೆ ತೆಲುಗಿನಲ್ಲಿ ಕಿರುಚಿದ ಸದ್ದಿಗೆ ಎತ್ತುಗಳು ಬೆದರಿದವು. ನಾನು ಕೆನ್ನೆಯುಬ್ಬಿಸಿಕೊಂಡು ಹಾಗೇ ಕೂತೆ. ನುಂಗುವಂತೆಯೂ ಇಲ್ಲ, ಉಗಿಯುವುದಕ್ಕೂ ಆಗದು. ಅತ್ತೆ ಗಾಡಿಯಿಂದ ಇಳಿದರು. ಮುನಿಯಮ್ಮನ ಕೈಯಿಂದ ಬಟ್ಟಲು ಕಿತ್ತುಕೊಂಡು ಅಂಗೈ ತುಂಬ ಬಗ್ಗಿಸಿಕೊಂಡರು, ಬಾಯಿಗೆ ಹಾಕಿದರು, ಎಂದಿನಂತೆ ಕಣ್ಣು ಮುಚ್ಚಿದರು. ಎಲ್ಲರೂ ನೋಡುತ್ತಿದ್ದಂತೆ ಬೀದಿಯ ಧೂಳಿಗೆ ಉಗಿದರು.

"ಉಪ್ಪು ಸಾಲ್ದು. ಇನ್ನೊಂದು ಹಿಡಿ ಹಾಕು" ಎಂದರು.

ಮುನಿಯಮ್ಮನ ಮುಖ ಕಪ್ಪಿಟ್ಟಿತು. "ಏನ್ ವೆಂಕಟಮ್ಮಕ್ಕಾ, ನಮ್ಮನೆ ಜಾಡಿಗೆ ಹಿಂಗ್ ಮಾಡ್ಬಿಟ್ಯಲ್ಲ. ಕೆಟ್ರೆ?"

"ಜಾಡಿ ಕೆಟ್ರೆ ನಮ್ಮನೆ ಜಾಡಿ ಹೊತ್ಕೊಂಡು ಹೋಗು. ನಮ್ ಸೊಸೆಗೆ ಏನಾದ್ರೂ ಆದ್ರೆ ನಿನ್ ಸೊಸೇನ ಕೊಡ್ತೀಯಾ?"

ಮುನಿಯಮ್ಮನ ಸೊಸೆ ತಲೆ ತಗ್ಗಿಸಿದಳು. ನಾನು ಗಾಡಿಯ ಅಂಚಿಗೆ ಬಗ್ಗಿ ಬಾಯಲ್ಲಿದ್ದದ್ದನ್ನು ಉಗಿದೆ.

ಆಷಾಢದಲ್ಲಿ ಮುನಿಯಮ್ಮನ ಜಾಡಿ ಬೂಸ್ಟು ಹಿಡಿಯಿತು. ಮುಚ್ಚಳದ ಬಟ್ಟೆ ಸರಿದು ಗಾಳಿ ತಾಗಿತ್ತೆಂದು ಅವಳ ಸೊಸೆ ನನಗೆ ಗುಟ್ಟಾಗಿ ಹೇಳಿದಳು. ಬೀದಿ ಮಾತ್ರ ಉಗಿದದ್ದಕ್ಕೇ ಎಂದಿತು. ಅತ್ತೆ ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ, ನಮ್ಮ ಜಾಡಿಯನ್ನು ಆಳಿನ ತಲೆಯ ಮೇಲೆ ಹೊರಿಸಿ ಮುನಿಯಮ್ಮನ ಮನೆಗೆ ಕಳಿಸಿದರು. ಶ್ರಾವಣದಲ್ಲಿ, ಡಾಕ್ಟರು ಜಗಲಿಯ ಮೇಲೆ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತಿದ್ದಾಗಲೇ, ಒಳಗೆ ನನಗೆ ಮಗಳು ಹುಟ್ಟಿದಳು. ಸೆಳೆತ ಬರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಇರಲಿಲ್ಲ. ಮಗು ಇತ್ತು, ಅತ್ತೆ ಇದ್ದರು.